ಪ್ರಾಥಮಿಕ ಶಾಲಾ ಮಕ್ಕಳ ಕೈಬರಹ ತಿದ್ದುವ ಕ್ರಮ ಕುರಿತು ಮನವಿ ಪತ್ರ

ಇವರಿಗೆ,
ನಿರ್ದೇಶಕರು,
ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರು.

ಇವರಿಂದ,
ಸರ್ಕಾರಿ ಪ್ರಾಥಮಿಕ ಶಾಲೆಗಳ ಪೋಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರು.

ಮಾನ್ಯರೇ,

ಅಕ್ಷರ ಕೆಟ್ಟಿದೆಯೆಂದು ಅದೇ ಪಾಠವನ್ನು ಹತ್ತು ಸಲ ಬರೆದು ತರಲು ಹೇಳುವ ಪದ್ಧತಿ ಇನ್ನೂ ಉಳಿದಿದ್ದು, ಇದರಿಂದ ಅಕ್ಷರ ದುಂಡಗಾಗುವ ಬದಲು ದಣಿದ ಕೈಯ ತಪ್ಪು ತಿರುವುಗಳೇ ರೂಢಿಯಾಗುತ್ತವೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದರಿಂದ, ಶಿಕ್ಷೆಯ ರೂಪದಲ್ಲಿ ಬರೆಸುವುದನ್ನು ನಿಲ್ಲಿಸುವಂತೆ ಸುತ್ತೋಲೆ ಹೊರಡಿಸಬೇಕೆಂಬುದು ಮನವಿದಾರರ ಮೊದಲ ಬೇಡಿಕೆ.

ಎರಡನೆಯದು ಬರೆಯುವ ಪುಸ್ತಕದ ಗೆರೆಗೆ ಸಂಬಂಧಿಸಿದ್ದು. ಸಣ್ಣದೆಂದು ತೋರಿದರೂ ಹೆಚ್ಚಿನ ತೊಡಕು ಇರುವುದು ಇಲ್ಲಿಯೇ. ಕನ್ನಡ ಬರಹಕ್ಕೆ ಮೂರು ಅಂತಸ್ತುಗಳಿವೆ: ನಡುವೆ ಅಕ್ಷರದ ಒಡಲು, ಮೇಲೆ ತಲೆಕಟ್ಟು ಅಥವಾ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ, ಅಂದರೆ ಸಂಯುಕ್ತಾಕ್ಷರದಲ್ಲಿ ನಂತರ ಬರುವ ವ್ಯಂಜನದ ಕಿರುರೂಪ. ಒಂಟಿ ಗೆರೆಯ ಪುಸ್ತಕದಲ್ಲಿ ‘ರಾಷ್ಟ್ರ’ ಎಂದು ಬರೆಯುವ ಮಗು ಷಕಾರದ ಕೆಳಗೆ ಟಕಾರದ ಒತ್ತನ್ನೂ ರಕಾರದ ಒತ್ತನ್ನೂ ಇಳಿಸುವಷ್ಟರಲ್ಲಿ ಅವು ಮುಂದಿನ ಸಾಲಿನ ಗುಡಿಸಿಗೆ ತಗುಲುತ್ತವೆ. ಅದನ್ನು ತಪ್ಪಿಸಲು ಮಗು ಒತ್ತುಗಳನ್ನು ಹಿಂಡಿ ಬರೆಯುತ್ತದೆ, ಉಕ್ತಲೇಖನದಲ್ಲಿ ಅದೇ ಕಾಗುಣಿತದ ತಪ್ಪೆಂದು ಎಣಿಕೆಯಾಗುತ್ತದೆ. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ ರೂಢಿಯಲ್ಲಿರುವಂತೆ, ಒತ್ತು ಎಲ್ಲಿಯವರೆಗೆ ಇಳಿಯಬೇಕೆಂದು ತೋರಿಸುವ ತೆಳುಗೆರೆಯುಳ್ಳ ಕನ್ನಡ ಅಭ್ಯಾಸ ಪುಸ್ತಕವನ್ನು ಇಲಾಖೆಯೇ ರೂಪಿಸಬೇಕು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಚಟುವಟಿಕೆ ಆಧಾರಿತ ನಲಿಕಲಿ ಕಲಿಕಾ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿ, ಸುಲಭ ರೂಪದಿಂದ ಕಠಿಣ ರೂಪದ ಕಡೆಗೆ ಮಕ್ಕಳನ್ನು ಒಯ್ಯುತ್ತದೆ. ಈ ವಿವೇಕ ಆರಂಭದ ತರಗತಿಗಳಿಗೇ ನಿಲ್ಲದೆ, ನಾಲ್ಕು ಮತ್ತು ಐದನೆಯ ತರಗತಿಗಳಲ್ಲೂ ದಿನಕ್ಕೆ ಹತ್ತು ನಿಮಿಷದ ಬರಹಾಭ್ಯಾಸವಾಗಿ ವೇಳಾಪಟ್ಟಿಯಲ್ಲಿ ಮುಂದುವರಿಯಬೇಕು.

ಶಿಕ್ಷಕರ ತರಬೇತಿಯು ಅಕ್ಷರದ ಅಂದಕ್ಕಿಂತ ಮೊದಲು ಮಗುವಿನ ಕೈ ನೋಡುವುದನ್ನು ಕಲಿಸಬೇಕು. ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿ ಬಂದಿದ್ದರೆ ಪೆನ್ಸಿಲಿನ ಹಿಡಿತ ಬಿಗಿಯಾಗಿರಬಹುದು. ಎಡಗೈಯಲ್ಲಿ ಬರೆಯುವ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ.

ಇಷ್ಟಾದರೂ ಅಕ್ಷರ ಹಿಡಿತಕ್ಕೆ ಬಾರದಿದ್ದರೆ ಅದು ಡಿಸ್ಗ್ರಾಫಿಯಾ, ಅಂದರೆ ಬುದ್ಧಿಶಕ್ತಿಗೆ ಕೊರತೆಯಿಲ್ಲದಿದ್ದರೂ ಬರೆಯುವುದರಲ್ಲಿ ಕಾಡುವ ನಿರ್ದಿಷ್ಟ ಕಲಿಕಾ ನ್ಯೂನತೆ ಆಗಿರಬಹುದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇದನ್ನು ಗುರುತಿಸಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊಸ್ತಿಲಲ್ಲಿ ಪೋಷಕರು ಪ್ರಮಾಣಪತ್ರಕ್ಕಾಗಿ ಅಲೆಯುವಂತಾಗದೆ, ಮೂರನೆಯ ತರಗತಿಯಲ್ಲಿಯೇ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರಿಂದ ಅಂತಹ ಮಕ್ಕಳ ತಪಾಸಣೆ ನಡೆಯಬೇಕು.

ಮುಂದಿನ ಶೈಕ್ಷಣಿಕ ವರ್ಷದ ಅಭ್ಯಾಸ ಪುಸ್ತಕಗಳು ಮುದ್ರಣಕ್ಕೆ ಹೋಗುವ ಮೊದಲೇ ಈ ಬೇಡಿಕೆಗಳನ್ನು ಪರಿಗಣಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಇತಿ,
ಮನವಿದಾರರು