ಕಿಟಕಿಗೊಂದು ತೆರೆ

ಮನೆಗೆ ಹೊಸದಾಗಿ ಸುಣ್ಣಬಣ್ಣವಾದೊಡನೆ ನಮ್ಮ ಚಿತ್ತ ಹರಿಯುವುದು ಕಿಟಕಿಯ ಪರದೆಯತ್ತ. ಗೋಡೆಗೊಪ್ಪುವ ಬಣ್ಣ ಯಾವುದೆಂದು ಅಂಗಡಿಯವನನ್ನು ಕೇಳುತ್ತೇವೆ. ಕಿಟಕಿ ಯಾವ ದಿಕ್ಕಿಗಿದೆಯೆಂದು ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮೊದಲು ನೋಡಬೇಕಾದುದು ಅದನ್ನೇ!

ಉತ್ತರದ ಕಿಟಕಿಗೆ ತೆಳುವಾದ ಹತ್ತಿಬಟ್ಟೆ ಸಾಕು. ದಕ್ಷಿಣದ ಬಿಸಿಲನ್ನು ಸಜ್ಜೆ ಬಹುಮಟ್ಟಿಗೆ ತಡೆಯುತ್ತದೆ. ತೊಡಕೆಲ್ಲ ಪಡುವಣ ಕಿಟಕಿಯದು. ಇಳಿಹೊತ್ತಿನ ಸೂರ್ಯ ಸಜ್ಜೆಯ ಕೆಳಗಿನಿಂದ ಓರೆಯಾಗಿ ನುಗ್ಗುತ್ತಾನೆ. ಒಳಗೆ ಎಷ್ಟೇ ದಪ್ಪ ಪರದೆ ಕಟ್ಟಿದರೂ, ಗಾಜನ್ನು ದಾಟಿ ಬಂದ ಬಿಸಿಲು ಅದನ್ನು ಕಾಯಿಸುತ್ತದೆ. ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ವೃದ್ಧರೋ ಬಾಣಂತಿಯೋ ಮಲಗುವ ಕೋಣೆಯಾದರೆ ಇದು ಆರೋಗ್ಯದ ಪ್ರಶ್ನೆ. ಆದುದರಿಂದ ಬಿಸಿಲನ್ನು ಹೊರಗೇ ತಡೆಯಬೇಕು. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟರೆ ಬಿಸಿಲು ನಿಲ್ಲುತ್ತದೆ, ಗಾಳಿ ನುಸುಳುತ್ತದೆ. ರಾಯಚೂರು, ಕಲಬುರಗಿಗಳ ಒಣ ಬೇಸಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ ತಂಪನ್ನೂ ಕಂಪನ್ನೂ ಕೊಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ನೀರು ಬೇಗ ಆರದಾಗಿ ಆ ತಂಪು ದೊರೆಯದು.

ಇನ್ನೊಂದು ಮಾತು: ಏರಿಸಿಳಿಸುವ ತೆರೆಯ ದಾರ ಕುಣಿಕೆಯಾಗಿ ಜೋಲದಿರಲಿ. ಎಳೆಯ ಮಕ್ಕಳ ಕೊರಳಿಗೆ ಸಿಕ್ಕಿ ಪ್ರಾಣ ತೆಗೆದುದುಂಟು. ಅದನ್ನು ಎತ್ತರದ ಮೊಳೆಗೆ ಸುತ್ತಿಡಿ.

ಇಷ್ಟಾದ ಮೇಲೆ ಬಣ್ಣದ ಮಾತು. ಅದನ್ನು ಮನೆಯವರ ಅಭಿರುಚಿಗೇ ಬಿಡೋಣ.