ಹಿಂದಿನ ಸಂಬಳ ಯಾಕೆ ಬೇಕು?

ಕೆಲಸ ಹುಡುಕುವವರಿಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಬಯೋಡೇಟಾ ಎರಡು ಪುಟ ಮೀರದಿರಲಿ, ಶರ್ಟಿಗೆ ಇಸ್ತ್ರಿ ಇರಲಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಆದರೆ ಇವೆಲ್ಲ ಉಪಯೋಗಕ್ಕೆ ಬರುವ ಮೊದಲೇ, ಎಚ್‌ಆರ್‌ನ ಮೊದಲ ಫೋನಿನಲ್ಲೇ ಒಂದು ಪ್ರಶ್ನೆ ಬಂದು ಅರ್ಧ ಆಟ ಮುಗಿಸಿಬಿಡುತ್ತದೆ: "ಈಗಿನ ಸಿಟಿಸಿ ಎಷ್ಟು?"

ಈ ಪ್ರಶ್ನೆ ಕೇಳುವುದೇ ತಪ್ಪು. ಒಂದು ಹುದ್ದೆಗೆ ಎಷ್ಟು ಹಣ ತೆಗೆದಿಟ್ಟಿದೆ ಎಂಬುದು ಕಂಪನಿಗೆ ಗೊತ್ತಿರುತ್ತದೆ. ಅದನ್ನು ಮುಚ್ಚಿಟ್ಟು ಅಭ್ಯರ್ಥಿಯ ಜೇಬು ತಡಕುತ್ತಾರೆ. ಎದುರಿನವರ ಎಲೆಗಳನ್ನೆಲ್ಲ ನೋಡಿಕೊಂಡು ಆಡುವ ಇಸ್ಪೀಟಿಗೆ ಚೌಕಾಸಿ ಎಂಬ ಹೆಸರು ಸಲ್ಲದು.

ಲೆಕ್ಕ ನೋಡಿ. ಹುಬ್ಬಳ್ಳಿಯ ಸಣ್ಣ ಕಚೇರಿಯಲ್ಲಿ ವರ್ಷಕ್ಕೆ 3.6 ಲಕ್ಷಕ್ಕೆ ದುಡಿಯುತ್ತಿದ್ದ ಹುಡುಗಿ, ಪುಣೆಯಲ್ಲೇ 8 ಲಕ್ಷ ಪಡೆಯುತ್ತಿದ್ದ ಹುಡುಗ, ಇಬ್ಬರೂ ಪುಣೆಯ ಒಂದೇ ಬಗೆಯ ಹುದ್ದೆಗೆ ಆಯ್ಕೆಯಾದರು ಎನ್ನಿ. ಇಬ್ಬರಿಗೂ 'ಶೇ 30 ಹೈಕ್' ಕೊಟ್ಟರೆ ಅವಳಿಗೆ 4.68 ಲಕ್ಷ, ಅವನಿಗೆ 10.4 ಲಕ್ಷ. ಕೆಲಸ ಒಂದೇ, ಹಿಂಜೇವಾಡಿಯ ಮನೆಬಾಡಿಗೆಯೂ ಒಂದೇ. ಅಂತರ ಮಾತ್ರ 4.4 ಲಕ್ಷದಿಂದ 5.72 ಲಕ್ಷಕ್ಕೆ ಏರಿತು. ಅದರ ಮುಂದಿನ ಕಂಪನಿಯೂ ಇದೇ ಸೂತ್ರ ಹಿಡಿದರೆ 7.4 ಲಕ್ಷ ದಾಟುತ್ತದೆ. ಹುಬ್ಬಳ್ಳಿಯ ಖರ್ಚಿಗೆ ಹೊಂದಿಸಿದ ಸಂಬಳ ಅವಳ ಬೆನ್ನು ಹತ್ತಿ ಊರೂರು ತಿರುಗುತ್ತದೆ. ಮಗು ಹೆತ್ತು ಎರಡು ವರ್ಷದ ಮೇಲೆ ಕೆಲಸಕ್ಕೆ ಮರಳುವವಳ ಪಾಡಂತೂ ಕೇಳಬೇಡಿ, ಅವಳಿಗೆ ಆ ಹಳೆಯ ಅಂಕಿ ಸಿಕ್ಕರೇ ಪುಣ್ಯ. ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಡಕೂಡದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. 'ಹಿಂದೆಯೂ ಕಡಿಮೆ ಇತ್ತಲ್ಲ' ಎಂಬ ನೆಪ ಎರಡರ ಸಂದಿಯಲ್ಲೂ ನುಸುಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಮಾಲೀಕರು ಈ ಪ್ರಶ್ನೆ ಕೇಳುವಂತಿಲ್ಲ. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನವೂ ಇದನ್ನು ತಡೆದು, ಹುದ್ದೆಯ ಸಂಬಳವನ್ನು ಅಭ್ಯರ್ಥಿಗೆ ಮೊದಲೇ ತಿಳಿಸಿ ಎನ್ನುತ್ತದೆ. ಭಾರತದಲ್ಲಿ ಅಂಥ ತಡೆಯಿಲ್ಲ. ಹೈದರಾಬಾದಿನಲ್ಲಿ ಮೂರು ತಿಂಗಳ ಪೇಸ್ಲಿಪ್ ಬೇಡುವ ಬಹುರಾಷ್ಟ್ರೀಯ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಅದಿಲ್ಲದೆಯೇ ಜನರನ್ನು ತೆಗೆದುಕೊಳ್ಳಬೇಕು, ತೆಗೆದುಕೊಳ್ಳುತ್ತಲೂ ಇದೆ. ಅಲ್ಲೇನೂ ಕೆಲಸ ನಿಂತಿಲ್ಲ.

ಹಾಗಾದರೆ ಅಭ್ಯರ್ಥಿ ಮಾಡಬೇಕಾದ್ದೇನು? ಸುಳ್ಳಂತೂ ಬೇಡ, ಫಾರ್ಮ್ 16ರಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೋ ಸಿಕ್ಕಿಬಿದ್ದು ಆಫರೇ ಹೋಗುತ್ತದೆ. ಮೊದಲ ಫೋನಿನಲ್ಲೇ ತಿರುಗಿ ಕೇಳಬೇಕು: "ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ, ಮೇಡಂ?" ಒತ್ತಾಯಿಸಿದರೆ ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ದರ ವಿಚಾರಿಸಿಟ್ಟುಕೊಂಡು, ಬೇಕಾದ ಅಂಕಿಯನ್ನು ಹೇಳಬೇಕು. ಫಾರಂನ ಆ ಕಾಲಂ ತುಂಬದೆ ಮುಂದೆ ಹೋಗಲು ಬಿಡದಿದ್ದರೆ ನಿಜವನ್ನೇ ತುಂಬಿ, ಮಾತಿನಲ್ಲಿ ಮಾತ್ರ 'ಹೈಕ್' ಎಂಬ ಪದಕ್ಕೆ ಸಿಕ್ಕಿಕೊಳ್ಳಬಾರದು. ಅವರು ಕೊಡುವ ಸಿಟಿಸಿಯೂ ನಂಬುವಂಥದ್ದಲ್ಲ. ಕಂಪನಿಯ ಪಾಲಿನ ಪಿಎಫ್, ಮೂಲವೇತನದ ಶೇ 4.81ರಷ್ಟು ಗ್ರಾಚ್ಯುಟಿ ಎಲ್ಲ ಅದರೊಳಗೇ ತುಂಬಿರುತ್ತವೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಬರೆಸಿಕೊಳ್ಳಬೇಕು.

ಮನೆಗೆ ದುಡ್ಡು ಕಳಿಸಬೇಕಾದ ಹೊಸಬರು ಇಷ್ಟು ಗಟ್ಟಿಯಾಗಿ ನಿಲ್ಲಲಾರರು, ಅದು ಎಚ್‌ಆರ್‌ಗೂ ಗೊತ್ತು. ಹಾಗಾಗಿ ಇದನ್ನು ಅವರ ಧೈರ್ಯಕ್ಕೆ ಬಿಟ್ಟು ಕೂರುವಂತಿಲ್ಲ. ಮುಂಬೈ, ಚೆನ್ನೈ, ದೆಹಲಿಗಳಲ್ಲಿ ಮೇಜಿನ ಆಚೆ ಬದಿಗೆ ಕೂತು ಜನರನ್ನು ಆರಿಸುವ ಕನ್ನಡಿಗರೂ ಸಾಕಷ್ಟಿದ್ದಾರೆ. ಜಾಹೀರಾತಿನಲ್ಲಿ ಸಂಬಳ ಬರೆಸಲು, ಫಾರಂನಿಂದ ಆ ಕಾಲಂ ತೆಗೆಸಲು ಅವರು ಯಾವ ಕಾಯ್ದೆಗೂ ಕಾಯಬೇಕಿಲ್ಲ.