ಹೊಸ ಫೋನೋ, ಹೊಸ ಬೋರ್ಡೋ?

ತಾಲ್ಲೂಕು ಪೇಟೆಯ ಯಾವ ಮೊಬೈಲ್ ಅಂಗಡಿಗೆ ಹೋದರೂ ಬೋರ್ಡಿನ ಮೇಲೆ ಇದೇ ಸಾಲು: 50 ಮೆಗಾಪಿಕ್ಸೆಲ್ ಕ್ಯಾಮೆರಾ, 16 ಜಿಬಿ ರ‍್ಯಾಮ್, ಎಐ. ಕೆಳಗೆ ತಿಂಗಳ ಕಂತು. ಮಂಡಿಯಲ್ಲಿ ತೂಕ ಅರ್ಧ ಕೇಜಿ ಹೆಚ್ಚುಕಮ್ಮಿಯಾದರೆ ಜಗಳಕ್ಕೆ ನಿಲ್ಲುವ ನಾವು, ಈ ಬೋರ್ಡಿನ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ಇವತ್ತು ಆ ಬೋರ್ಡನ್ನೇ ತಕ್ಕಡಿಗೆ ಹಾಕೋಣ.

ಮೊದಲು ಕ್ಯಾಮೆರಾ. 50 ಮೆಗಾಪಿಕ್ಸೆಲ್ ಎಂದು ಬರೆದಿರುವ ಹೆಚ್ಚಿನ ಫೋನ್‌ಗಳು ಮಾಮೂಲಿಯಾಗಿ ತೆಗೆಯುವುದು ಸುಮಾರು 12 ಮೆಗಾಪಿಕ್ಸೆಲ್ ಫೋಟೊ. ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡುತ್ತವೆ. 108 ಎಂದಿದ್ದರೆ ಒಂಬತ್ತು ಸೇರಿ ಒಂದು. ಅಲ್ಲೂ ಕೊನೆಗೆ ಸಿಗುವುದು 12. ಕತ್ತಲಲ್ಲಿ ಫೋಟೊ ಚೆನ್ನಾಗಿ ಬರಲಿ ಅಂತ ಹೀಗೆ ಮಾಡುತ್ತಾರೆ, ಅದು ತಪ್ಪಲ್ಲ. ಆದರೆ 12 ಎಂದು ಬೋರ್ಡಿನಲ್ಲಿ ಯಾರೂ ಬರೆಯುವುದಿಲ್ಲ.

ಇನ್ನು ರ‍್ಯಾಮ್. 16 ಜಿಬಿ ಎಂದಿರುವ ಕಡೆ ಡಬ್ಬಿ ತಿರುಗಿಸಿ ನೋಡಿ, ಎಷ್ಟೋ ಸಲ 8+8 ಎಂದಿರುತ್ತದೆ. ಎರಡನೇ 8 ರ‍್ಯಾಮೇ ಅಲ್ಲ. ನೀವು ಫೋಟೊ, ವಿಡಿಯೊ ಇಡುವ ಜಾಗದಲ್ಲೇ ಒಂದಿಷ್ಟು ಕಡ ತೆಗೆದು ಅದಕ್ಕೆ ರ‍್ಯಾಮ್ ಅಂತ ಹೆಸರಿಟ್ಟಿದ್ದಾರೆ. ಆ ಜಾಗ ನಿಜವಾದ ರ‍್ಯಾಮ್‌ಗಿಂತ ಬಹಳ ನಿಧಾನ. ಈ ಯುಕ್ತಿಯಾದರೂ ಹೊಸದೇ? ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರ್ 1962ರಲ್ಲೇ ಇದೇ ಬಗೆಯ ಉಪಾಯ ಮಾಡಿತ್ತು.

ದುಬಾರಿ ಫೋನ್‌ನವರು ಹೀಗಲ್ಲ ಅನ್ನುತ್ತೀರಾ? 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಇಯರ್‌ಫೋನ್ ತೂತು ತೆಗೆಯಿತು. ಅದಕ್ಕೆ ಕೊಟ್ಟ ಹೆಸರು ‘ಧೈರ್ಯ’. ವೈರ್ ಇಲ್ಲದ ಏರ್‌ಪಾಡ್ಸ್ ಮಾರಾಟಕ್ಕಿದೆ ಎಂದು ಅದೇ ವೇದಿಕೆಯಲ್ಲಿ ಹೇಳಿತು. 2020ರಲ್ಲಿ ಡಬ್ಬಿಯಿಂದ ಚಾರ್ಜರ್ ತೆಗೆಯಿತು, ಕಾರಣ ಪರಿಸರ ಕಾಳಜಿಯಂತೆ. ಇದ್ದದ್ದನ್ನು ಕಿತ್ತುಕೊಂಡು ಬೇರೆಯಾಗಿ ಮಾರುವುದಕ್ಕೂ ಹೊಸತನ ಅನ್ನಬೇಕೇ?

ಹಾಗಂತ ಎಲ್ಲವೂ ಬೊಗಳೆ ಎಂದು ನಾನು ಹೇಳುತ್ತಿಲ್ಲ. ಟಚ್ ಫೋನ್ 1994ರಲ್ಲೇ ಬಂದಿತ್ತು, ಐಬಿಎಂ ಕಂಪನಿಯ ಸೈಮನ್. ಆದರೆ ಬೆರಳಲ್ಲಿ ಸರಿಸಿ, ಹಿಗ್ಗಿಸಿ, ಯಾರು ಬೇಕಾದರೂ ಬಳಸುವ ಹಾಗೆ ಮಾಡಿದ್ದು 2007ರ ಐಫೋನ್. ಅದು ನಿಜವಾದ ಬದಲಾವಣೆ. ಅಂಥದ್ದು ಪ್ರತಿ ವರ್ಷ ಬರುವುದಿಲ್ಲ. ಪ್ರತಿ ವರ್ಷ ಬರುವುದು ಜಾಹೀರಾತು.

ನಮ್ಮಂಥವರಿಗೆ ಬೇಕಾದ ಹೊಸತನ ಇನ್ನೊಂದು ಕಡೆ ಆಗಿದೆ. 2016ರಲ್ಲಿ ಯುಪಿಐ ಬಂತು. 2022ರಲ್ಲಿ ಯುಪಿಐ 123ಪೇ ಬಂತು. ಕೀಪ್ಯಾಡ್ ಫೋನಿನಿಂದ, ಇಂಟರ್ನೆಟ್ ಇಲ್ಲದೆ ದುಡ್ಡು ಕಳಿಸಬಹುದು. ಇದರ ಬೋರ್ಡನ್ನು ಯಾವ ಮೊಬೈಲ್ ಅಂಗಡಿಯಲ್ಲಿ ನೋಡಿದ್ದೀರಿ? ಇದಕ್ಕೆ ಹೊಸ ಫೋನ್ ಬೇಕಿಲ್ಲ, ಹಾಗಾಗಿ ಅಂಗಡಿಗೆ ಲಾಭವೂ ಇಲ್ಲ.

ಒಂದು ಸುಳ್ಳು 8ರ ಆಸೆಗೆ ಚೆನ್ನಾಗಿರುವ ಫೋನ್ ಮೂಲೆಗೆ ಹಾಕಿ ವರ್ಷವಿಡೀ ಕಂತು ಕಟ್ಟುವುದು ನಮ್ಮ ಮನೆಗಳೇ. ಬೀಜ, ಗೊಬ್ಬರಕ್ಕೆ ಸಾಲದ ದುಡ್ಡು ಅಲ್ಲಿಗೆ ಹೋಗುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇವೆ. ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಬ್ಯಾಟರಿ ಹೋದರೆ ನಮ್ಮ ತಾಲ್ಲೂಕಿನಲ್ಲೇ ಸಿಗುತ್ತದಾ, ಎಷ್ಟಾಗುತ್ತದೆ? ಪ್ಲಸ್ ಬಿಟ್ಟು ನಿಜವಾದ ರ‍್ಯಾಮ್ ಎಷ್ಟು? ಯುರೋಪಿನಲ್ಲಿ 2025ರ ಜೂನ್‌ನಿಂದ ಕಾನೂನೇ ಇದೆ: ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 7 ವರ್ಷ ಬಿಡಿಭಾಗ ಕೊಡಬೇಕು. ಅಲ್ಲಿನವರು ಕೇಳಿ ಪಡೆದದ್ದನ್ನು ನಾವೂ ಕೇಳಬೇಕು. ಉತ್ತರ ಬಾರದಿದ್ದರೆ ಹಳೇ ಫೋನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಬನ್ನಿ.